ಸಮಜೋಡಿ ಮೀನು

ಅವ್ವ ದಸರೆ ಮುಗಿಸಿಕೊಂಡು ನನ್ನ ಮನೆಗೆ ಬರಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಹಾಗೆಂದೇ ಮಾತಾಗಿತ್ತು: ಅರ್ಧ ವರ್ಷ ಹುಕ್ಕೇರಿಯಲ್ಲಿ ಅಕ್ಕನ ಮನೆ, ಉಳಿದರ್ಧ ಮೂಡಲಗಿಯಲ್ಲಿ ನನ್ನ ಮನೆ. ನಾವಿಬ್ಬರೇ ಹೆಣ್ಣುಮಕ್ಕಳು. ಮೇಲವಂಕಿಯ ಹೊಲವನ್ನು ಪಾಲಿಗೆ ಕೊಟ್ಟು, ಮನೆಯನ್ನು ಚಿಕ್ಕಪ್ಪನ ಮಕ್ಕಳಿಗೆ ಬಿಟ್ಟು, ಅವ್ವ ಒಂದು ಬಟ್ಟೆಚೀಲ ಹಿಡಿದು ನಮ್ಮಿಬ್ಬರ ನಡುವೆ ಓಡಾಡಿಕೊಂಡಿದ್ದಳು. ಆ ವರ್ಷ ದಸರೆ ಹೋಯಿತು, ದೀಪಾವಳಿಯೂ ಹೋಯಿತು. ಅವ್ವ ಬರಲಿಲ್ಲ. ಫೋನ್ ಮಾಡಿದರೆ ಬರೀ ಮೀನಿನ ಸುದ್ದಿ.

"ಇವತ್ತ ಸೀಗಡಿ ತನ್ನ ಮೈಮ್ಯಾಲಿನ ಚಿಪ್ಪ ಅಂಗಿ ಕಳದಂಗ ಕಳದೈತಂತವಾ. ಹಂಗ ಇಡೀದ ಬಿದ್ದೈತಂತ ಉಸುಕಿನ ಮ್ಯಾಲ."

"ನೀ ಯಾವಾಗ ಬರ್ತಿ?" ಎಂದು ನಾನು.

"ಬರ್ತೇನಿ ತಡಿ. ಇಲ್ಲಿ ಹೊತ್ತ ಹೋಗಿದ್ದ ಗೊತ್ತಾಗವಲ್ದು."

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮತ್ಸರ, ಅಸೂಯೆ, ಮಾತ್ಸರ್ಯ ಎಂದು ಹಲಗೆಯ ಮೇಲೆ ಸಾಲಾಗಿ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ. ಆದರೆ ಆ ಫೋನ್ ಇಟ್ಟಾಗ ನನಗಾದದ್ದಕ್ಕೆ ಹೊಟ್ಟೆಕಿಚ್ಚು ಎಂಬ ಮಾತೊಂದೇ ಸರಿ. ಎರಡು ರೊಟ್ಟಿ ಹೆಚ್ಚಿಗೆ ತಿಂದೆ, ಆರಲಿಲ್ಲ.

ಇದು ಇವತ್ತಿನದಲ್ಲ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಅಪ್ಪ ನನ್ನವನು, ಅವ್ವ ಅಕ್ಕನವಳು. ಅಪ್ಪ ಕುರಿ ಕಾಯ್ದವನು, ಒಕ್ಕಲುತನ ಮಾಡಿದವನು, ಎತ್ತು ಆರಿಸುವುದರಲ್ಲಿ ಸುತ್ತ ಹತ್ತು ಹಳ್ಳಿಯಲ್ಲಿ ಎತ್ತಿದ ಕೈ. ಯಾರು ಎತ್ತು ಕೊಳ್ಳುವುದಿದ್ದರೂ ಅವನನ್ನು ಕರೆದುಕೊಂಡೇ ಸಂತೆಗೆ ಹೋಗುತ್ತಿದ್ದರು. ಅವನು ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಅಕ್ಕ ಮನೆಯಲ್ಲಿ ಅವ್ವನ ಬಾಜೂ ಕೂತು ಶೇಂಗಾ ಸುಲಿಯುತ್ತಾ ಅದೇನೇನೋ ಮಾತಾಡುತ್ತಿದ್ದಳು. ನಾವು ತಿರುಗಿ ಬರುವ ಹೊತ್ತಿಗೂ ಆ ಮಾತು ಮುಗಿದಿರುತ್ತಿರಲಿಲ್ಲ. ಆಗ ನನಗೆ ಅದರ ಚಿಂತೆ ಇರಲಿಲ್ಲ, ಯಾಕೆಂದರೆ ನನ್ನ ಪಾಲಿಗೆ ಅಪ್ಪ ಇದ್ದ. ಅವನು ಹೋದ ಮೇಲೆ ಲೆಕ್ಕ ತಪ್ಪಿತು. ಅಕ್ಕನಿಗೆ ಅವ್ವ ಉಳಿದಳು, ನನಗೆ ಯಾರೂ ಉಳಿಯಲಿಲ್ಲ. ಆ ಅರ್ಧ ವರ್ಷವಾದರೂ ನನ್ನದೆಂದು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅದನ್ನೂ ಮೀನು ನುಂಗಿದರೆ ಸುಮ್ಮನಿರಲು ನಾನೇನು ಸನ್ಯಾಸಿನಿಯೇ?

ಒಂದು ಭಾನುವಾರ ಹುಕ್ಕೇರಿಗೆ ಹೋದೆ, ಅವ್ವನನ್ನು ಕರೆತರಲಿಕ್ಕೆ.

ಭಾವ ಕಾರವಾರದಲ್ಲಿ ಬಹಳ ವರ್ಷ ನೌಕರಿ ಮಾಡಿ ನಿವೃತ್ತನಾದವನು. ಬರುವಾಗ ಎಲ್ಲರೂ ಗೋಡಂಬಿ ತರುತ್ತಾರೆ. ಇವನು ಸಮುದ್ರದ ಹುಚ್ಚು ಹಿಡಿಸಿಕೊಂಡು ಬಂದ. ಪಡಸಾಲೆಯಲ್ಲಿ ಮೊದಲು ಷೋಕೇಸ್ ಇದ್ದ ಜಾಗದಲ್ಲಿ ಈಗ ಗಾಜಿನ ತೊಟ್ಟಿ. ಒಳಗೆ ನೀಲಿ ಬೆಳಕು, ತೂತುತೂತಾದ ಕಲ್ಲುಗಳು, ಬಿಳಿ ಉಸುಕು. ಕಿತ್ತಳೆ ಮೈಮೇಲೆ ಬಿಳಿ ಪಟ್ಟಿ ಬಳಿದುಕೊಂಡ ಎರಡು ಮೀನು. ಒಂದು ಬಿಲದ ಬಾಯಲ್ಲಿ ಹಳದಿ ಮೀನೊಂದು ಕಾವಲು ನಿಂತಿದ್ದರೆ, ಅದೇ ಬಿಲದೊಳಗಿಂದ ಸೀಗಡಿಯೊಂದು ಉಸುಕು ಹೊತ್ತು ತಂದು ಹೊರಗೆ ಚೆಲ್ಲುತ್ತಿತ್ತು. ಚೆಂದವಿತ್ತು. ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಅದು ಚೆಂದವಿದ್ದದ್ದೇ ನನಗೆ ತಡೆಯಲಾಗಲಿಲ್ಲ.

ಅವ್ವ ಗಾಜಿಗೆ ಮೂಗು ಹಚ್ಚುವಷ್ಟು ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಕ್ಕ ಬಾಜೂಕ್ಕೆ ಕೂತು ಒಂದೇ ಸಮ ಮಾತಾಡುತ್ತಿದ್ದಳು. ತನ್ನ ಮೀನಿನ ಬಡಾಯಿ ತಾನೇ ಕೊಚ್ಚಿಕೊಳ್ಳುವುದೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ನಾನು ಬಂದದ್ದಕ್ಕೆ ಅವ್ವ ಸಂತೋಷಪಟ್ಟಳು, ನನ್ನ ಗಲ್ಲ ಸವರಿದಳು, ಮತ್ತೆ ಗಾಜಿನ ಕಡೆ ಮುಖ ತಿರುಗಿಸಿದಳು.

"ನಾನೂ ಒಂದು ಇಡತೇನಿ," ಎಂದೆ. ಯೋಚಿಸಿ ಅಂದದ್ದಲ್ಲ, ಬಾಯಿಂದ ಬಿತ್ತು.

ಅಕ್ಕನಿಗೆ ಅಷ್ಟೇ ಬೇಕಿತ್ತು. "ಹೊಸಬರಿಗೆ ಎಲ್ಲಾ ಮೀನ ಆಗೂದಿಲ್ಲ ನೋಡು. ಮೊದಲ ನೀರ ಪಳಗಸಬೇಕು. ಆಮ್ಯಾಲ ಒಂದೆರಡ ಬಸವನಹುಳಾ ಬಿಡು, ಶಂಖದಾಗಿನ ಏಡಿ ಬಿಡು. ಅವು ಬದುಕಿದ್ರ ಮೀನಿನ ಮಾತು. ನಿನಗ ತಾಳ್ಮಿ ಇಲ್ಲ, ಅದಕ್ಕ ಹೇಳತೇನಿ."

ನನಗೆ ತಾಳ್ಮೆ ಇಲ್ಲವೆಂದು ನನಗೂ ಗೊತ್ತು. ಆದರೆ ಅದನ್ನು ಅವ್ವನ ಎದುರು ಹೇಳಬೇಕಿತ್ತೇ? ನಾನು ಸೊಂಟದ ಮೇಲೆ ಕೈಯಿಟ್ಟು ಅವಳ ತೊಟ್ಟಿಯನ್ನು ಅಪ್ಪ ದನದ ಸಂತೆಯಲ್ಲಿ ನೋಡುತ್ತಿದ್ದ ಹಾಗೆ ನೋಡಿದೆ. ಕಂಡಿತು ಕೊರತೆ. ಎರಡು ಕಿತ್ತಳೆ ಮೀನಿನಲ್ಲಿ ಒಂದು ದೊಡ್ಡದು, ಇನ್ನೊಂದು ಅದರ ಅರ್ಧದಷ್ಟು.

"ನಿನ್ನ ಜೋಡಿ ಕೂಡಿಲ್ಲ. ಒಂದು ಎತ್ತು, ಒಂದು ಕರ ಆಗೇತಿ," ಎಂದೆ.

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ನಾನು ಕೇಳಲಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ಕೇಳಿಕೊಂಡು ಕೂತರೆ ನಾನು ಈ ಲೋಕದಲ್ಲಿ ಒಂದು ಕೆಲಸವನ್ನೂ ಮಾಡುತ್ತಿರಲಿಲ್ಲ. ಆ ದಿನ ಅವ್ವ ನನ್ನ ಜೊತೆ ಬರಲಿಲ್ಲ. "ನಿನ್ನ ಮೀನ ಬರ್ಲಿ, ಆವಾಗ ಬರ್ತೇನಿ," ಎಂದಳು. ನಗುತ್ತಲೇ ಹೇಳಿದ್ದಳು. ನಾನು ಅದನ್ನು ಕರಾರು ಎಂದು ತೆಗೆದುಕೊಂಡೆ.

ನನ್ನ ಗಂಡನಿಗೆ ಮೂಡಲಗಿಯಲ್ಲಿ ಪಂಪ್‌ಸೆಟ್ ಅಂಗಡಿ. ಅವರಿಗೆ ಹೇಳಿದಾಗ ಬಹಳ ಹೊತ್ತು ನನ್ನ ಮುಖ ನೋಡಿದರು. "ಹುಲಿ ಬಣ್ಣಕ್ಕ ಮೆಚ್ಚಿ ನರಿ ಮೈ ಸುಟಗೊಂಡಿತ್ತಂತ," ಎಂದರು. ಆಮೇಲೆ ನನ್ನ ಮುಖ ಬದಲಾದದ್ದನ್ನು ನೋಡಿ, "ಆತು ಮಾರಾಯ್ತಿ. ಎಷ್ಟ ಎಚ್‌ಪಿ ಮೋಟರ್ ಬೇಕು ಅದಕ್ಕ?" ಎಂದು ಕೇಳಿದರು. ಉಪ್ಪಿನ ವಿಷಯ ಬಂದಾಗ, ಕುರಿಗೆ ಹಾಕುವ ಹರಳುಪ್ಪು ನಮ್ಮ ಮಮದಾಪುರದ ನೆಂಟರ ಮನೆಯಲ್ಲಿ ಚೀಲಗಟ್ಟಲೆ ಇದೆ, ತರಿಸೋಣ ಎಂದರು. ಇಂಥ ಸಹಾಯದಿಂದಲೇ ನನ್ನ ಸಂಸಾರ ನಡೆದಿದೆ.

ಗೋಕಾಕದಲ್ಲಿ ಬಸ್ ನಿಲ್ದಾಣದ ಹತ್ತಿರದ ಓಣಿಯೊಂದರಲ್ಲಿ ಬಣ್ಣದ ಮೀನಿನ ಅಂಗಡಿ ಇತ್ತು. ಗಪ್ಪಿ, ಗೋಲ್ಡ್‌ಫಿಶ್, ಜೊತೆಗೆ ಪಂಜರದ ಹಕ್ಕಿ. ಸಮುದ್ರದ ಮೀನು ಬೇಕೆಂದವರಿಗೆ ಅಂಗಡಿಯವನು ಗೋವಾದಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಸ್ಸಿಗೆ ಹಾಕಿಸಿ ತರಿಸಿಕೊಡುತ್ತಿದ್ದ. ದಪ್ಪ ಮೀಸೆಯ, ನಿಧಾನದ ಆಸಾಮಿ. ಹುಕ್ಕೇರಿಯ ಅಕ್ಕನೂ ಅವನ ಗಿರಾಕಿ ಎಂದು ಮಾತಿನ ನಡುವೆ ತಿಳಿಯಿತು. ಆಗಲೇ ಎದ್ದು ಹೋಗಬೇಕೆನಿಸಿತು, ಆದರೆ ಅವನನ್ನು ಬಿಟ್ಟರೆ ಬೆಳಗಾವಿಯವರೆಗೆ ಯಾರೂ ಇರಲಿಲ್ಲ.

"ಹರಳುಪ್ಪ ಸಾರಿಗೆ ಹಾಕ್ರಿ ಟೀಚರ. ಇದಕ್ಕ ಸಮುದ್ರದ ಉಪ್ಪ ಅಂತ ಬ್ಯಾರೆ ಪಾಕೀಟ ಬರ್ತೈತಿ. ಬೋರಿನ ನೀರ ಬ್ಯಾಡ, ಫಿಲ್ಟರ್ ನೀರ ಬೇಕು. ಕಲ್ಲ, ಉಸುಕ, ನೀರ ಹಾಕಿ ಮೋಟರ್ ಚಾಲೂ ಮಾಡಿ ಬಿಟ್ಟಬಿಡ್ರಿ. ಕಣ್ಣಿಗೆ ಕಾಣದ ಜೀವ ಅದರಾಗ ಹುಟ್ಟಬೇಕು. ಮೀನಿನ ಹೊಲಸ ಅವ ತಿಂದ ನೀರ ಸ್ವಚ್ಛ ಇಡತಾವ. ಹಾಲಿಗೆ ಹೆಪ್ಪ ಹಾಕಿದಂಗ್ರಿ, ನಡಕ ಕೈ ಹಾಕಬಾರದು."

ಹೆಪ್ಪು ಹಾಕಿದ ಹಾಲು ಒಂದು ರಾತ್ರಿಯಲ್ಲಿ ಮೊಸರಾಗುತ್ತದೆ. ಈ ನೀರು ವಾರಗಟ್ಟಲೆ ಹಾಗೆಯೇ ಇತ್ತು. ನಮ್ಮ ಓಣಿಯ ಹೆಂಗಸರು ಗುಂಪುಗುಂಪಾಗಿ ಬಂದು ಖಾಲಿ ತೊಟ್ಟಿ ನೋಡಿದರು. "ಮೀನ ಎಲ್ಲಿ ಅದಾವ್ರಿ?" ಎಂದು ಒಬ್ಬಳು ಕೇಳಿದರೆ, "ಕೂಸ ಹುಟ್ಟೂಕಿಂತ ಮೊದಲ ಕುಲಾಯಿ," ಎಂದು ಇನ್ನೊಬ್ಬಳು ಅವಳ ಕಿವಿಯಲ್ಲಿ, ನನಗೆ ಕೇಳುವ ಹಾಗೆ. ಒಬ್ಬ ಅಜ್ಜಿಯಂತೂ, "ದೊಡ್ಡಾದ ಮ್ಯಾಲ ಸಾರ ಮಾಡ್ತಿ ಏನವಾ, ಹುರೀತಿ?" ಎಂದು ವಿಚಾರಿಸಿದಳು. ಕಲ್ಲಿನ ಮೇಲೆ ಕಂದು ಪಾಚಿ ಹತ್ತಿತು. ಅದನ್ನು ತಿನ್ನಲಿಕ್ಕೆ ಅಂಗಡಿಯವನು ಮೊದಲು ಕಳಿಸಿದ್ದು ಏನು? ಬಸವನಹುಳು ಮತ್ತು ಶಂಖದೊಳಗಿನ ಏಡಿ. ಅಕ್ಕ ಹೇಳಿದ್ದೇ! ಆ ಬಸವನಹುಳುಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಪಾಪ, ಅವು ತಮ್ಮ ಪಾಡಿಗೆ ಗಾಜು ನೆಕ್ಕಿಕೊಂಡಿದ್ದವು.

ಕೊನೆಗೆ ಮೀನು ಆರಿಸುವ ದಿನ ಬಂತು. ನನ್ನ ಮನಸ್ಸಿನಲ್ಲಿ ಒಂದೇ ನಿಯಮ: ಅಕ್ಕನ ಹತ್ತಿರ ಇಲ್ಲದ್ದು ನನಗೆ ಬೇಕು, ಇದ್ದದ್ದು ಅವಳದಕ್ಕಿಂತ ಮೇಲಾಗಿರಬೇಕು. ಅಂಗಡಿಯವನು ಮೊಬೈಲಿನಲ್ಲಿ ಒಂದೊಂದೇ ಚಿತ್ರ ತೋರಿಸಿದ. ಕಡುನೀಲಿ ಮೈಗೆ ಹಳದಿ ಬಾಲದ ಮೀನೊಂದು ನನ್ನ ಜೀವ ಸೆಳೆಯಿತು.

"ಅದಕ್ಕ ಓಡಾಡಾಕ ಹರದಾರಿ ಬೇಕ್ರಿ. ದೊಡ್ಡದಾಗತೈತಿ. ಹಾಸಿಗಿ ಇದ್ದಷ್ಟ ಕಾಲ ಚಾಚಬೇಕಲ್ರಿ ಟೀಚರ."

ಇಳಕಲ್ ಸೆರಗಿನಂತೆ ಬಣ್ಣಬಣ್ಣದ ಗೆರೆಯಿದ್ದ ಇನ್ನೊಂದನ್ನು ತೋರಿಸಿದೆ. "ಅದು ಕಲ್ಲಿನ ಸಂದ್ಯಾಗ ಹುಟ್ಟೂ ಸಣ್ಣ ಜೀವಾ ಅಷ್ಟ ತಿಂತೈತಿ. ನಿಮ್ಮದ ಹೊಸಾ ಟ್ಯಾಂಕು. ಅಲ್ಲಿ ಏನ ತಿನ್ನಬೇಕ್ರಿ ಅದು? ಕಣ್ಣಮುಂದ ಉಪವಾಸ ಸಾಯ್ತೈತಿ." ಹೂವಿನಂತೆ ಬಿಚ್ಚಿಕೊಂಡ ಪ್ರಾಣಿಯೊಂದನ್ನು ಕೇಳಿದೆ, ನೀರು ಹಳತಾಗದೆ ಅದು ಬಾಳುವುದಿಲ್ಲ ಎಂದ. ಹಾಗಾದರೆ ಗಟ್ಟಿ ಜೀವ ಯಾವುದು ಎಂದರೆ ಪುಟ್ಟ ನೀಲಿ ಮೀನೊಂದನ್ನು ತೋರಿಸಿ, ತಾನೇ ಬೇಡವೆಂದ. "ಎಂಥಾ ನೀರಾದ್ರೂ ತಡಕೊತೈತ್ರಿ, ಆದ್ರ ರೌಡಿ. ನಾ ಮೊದಲ ಬಂದೇನಿ ಅಂತ ಆಮ್ಯಾಲ ಬಂದವ್ನ ಬಾಳಗೊಡೂದಿಲ್ಲ." ಮೊದಲು ಹುಟ್ಟಿದವರ ಬುದ್ಧಿ ನೀರಿನಲ್ಲೂ ಹಾಗೆಯೇ ಇರುತ್ತದೆಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

ಹೊಸಬರಿಗೆ ಒಗ್ಗುವಂಥದ್ದೆಂದು ಅವನು ಕೊನೆಗೆ ಹೇಳಿದ್ದು ಇಷ್ಟು: ಬಿಲದ ಕಾವಲಿನ ಹಳದಿ ಮೀನು, ಬೆಂಕಿಕಡ್ಡಿ ಹೊತ್ತಿಸಿದಂಥ ಕೆಂಪು ಬಾಲದ ತೆಳ್ಳನೆ ಮೀನು, ಮತ್ತು ಕಿತ್ತಳೆ ಪಟ್ಟಿಯ ಮೀನಿನ ಜೋಡಿ. ಹಳದಿ ಅಕ್ಕನ ಹತ್ತಿರ ಇತ್ತು, ಬೇಡವೆಂದೆ. ಬೆಂಕಿಬಾಲ ಅವಳಲ್ಲಿ ಇರಲಿಲ್ಲ, ತೆಗೆದುಕೊಂಡೆ. ಮೇಲೆ ಮುಚ್ಚಳವಿಲ್ಲದಿದ್ದರೆ ಹಾರಿ ಹೊರಗೆ ಬೀಳುತ್ತದೆ ಎಂದು ಎಚ್ಚರಿಸಿ ಕೊಟ್ಟ. ಹಾರುವ ಮಾತಿರಲಿ, ಅದು ನಮ್ಮ ಮನೆಗೆ ಬಂದದ್ದೇ ಕಲ್ಲಿನ ಹಿಂದೆ ಸೇರಿ ಮುಖ ತೋರಿಸುವುದನ್ನೇ ಬಿಟ್ಟಿತು.

ಇನ್ನು ಕಿತ್ತಳೆ ಜೋಡಿ. ಆ ಸಲ ಗೋವಾದಿಂದ ಬಂದವು ಅಂಗಡಿಯ ತೊಟ್ಟಿಯಲ್ಲಿ ಹಲವು ಇದ್ದವು. ಅವನು ಬಲೆ ಹಾಕಿ ಒಂದು ದೊಡ್ಡದು, ಒಂದು ಸಣ್ಣದು ಹಿಡಿಯಲು ಹೋದ.

"ಹಂಗಲ್ಲ," ಎಂದೆ. "ಜೋಡಿ ಅಂದ್ರ ಒಂದ ಅಚ್ಚಿನಾಗ ಹೊಯ್ದಂಗ ಇರಬೇಕು."

"ಇದರಾಗ ಹಂಗ ಇಲ್ರಿ ಟೀಚರ. ಒಂದ ಸಣ್ಣದ ಇರಬೇಕು."

"ನಮ್ಮಪ್ಪ ಯಾರಂತ ಗೊತ್ತೈತೇನ್ರಿ ನಿಮಗ?" ಎಂದು ಕೇಳಿದೆ. ಗೋಕಾಕದಲ್ಲಿ ಮೀನು ಮಾರುವವನಿಗೆ ಮೇಲವಂಕಿಯಲ್ಲಿ ಎತ್ತು ಆರಿಸುತ್ತಿದ್ದವನು ಗೊತ್ತಿರಬೇಕೆಂದು ನನ್ನ ವಾದ. ಅಪ್ಪ ಹೇಳುತ್ತಿದ್ದ: ಒಂದು ಎತ್ತು ಎತ್ತರ, ಒಂದು ಗಿಡ್ಡವಾದರೆ ನೊಗ ವಾಲುತ್ತದೆ, ಗಿಡ್ಡದರ ಹೆಗಲು ಹುಣ್ಣಾಗುತ್ತದೆ, ನೇಗಿಲು ಸಾಲು ಬಿಡುತ್ತದೆ. ಕೋಡು, ಗೂನು, ಬಣ್ಣ, ನಡಿಗೆ, ಎಲ್ಲ ಸಮ ಇರಬೇಕು. ನಾನು ಗಾಜಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆರಿಸಿದೆ. ತಲೆಗೆ ತಲೆ, ಬಾಲಕ್ಕೆ ಬಾಲ, ಬಿಳಿ ಪಟ್ಟಿಯ ಅಗಲ ಕೂಡ ಒಂದೇ. ಇದ್ದವುಗಳಲ್ಲೇ ದೊಡ್ಡವು ಎರಡು. ಅಂಗಡಿಯವನು ಇನ್ನೊಮ್ಮೆ ಬೇಡವೆಂದ. ನಾನು ಇನ್ನೊಮ್ಮೆ ಹೂಂ ಎಂದೆ. ಅವನ ನಿಧಾನಕ್ಕಿಂತ ನನ್ನ ಹಟ ಗಟ್ಟಿ. ಎರಡು ಬೇರೆ ಬೇರೆ ಚೀಲದಲ್ಲಿ ಹಾಕಿ ಪೆಟ್ಟಿಗೆ ಕಟ್ಟಿಕೊಟ್ಟ. ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಬರುವಾಗ, ನಾಗನೂರು ದಾಟುವವರೆಗೂ ಅಪ್ಪನ ಜೊತೆ ಸಂತೆಯಿಂದ ತಿರುಗಿ ಬರುತ್ತಿದ್ದೇನೆ ಅನ್ನಿಸುತ್ತಿತ್ತು. ಅಂಥ ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಅವ್ವ ಬಂದಳು. ಭಾವ ಗಾಡಿಯಲ್ಲಿ ತಂದು ಬಿಟ್ಟು ಹೋದ. ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಮೊಣಕಾಲಿನ ನೋವೆಂದು ತಿಳಿದೆ. ತೊಟ್ಟಿಯ ಮುಂದೆ ಹೊಸ ಕುರ್ಚಿ ಹಾಕಿದ್ದೆ, ಕುರ್ಚಿಗೆ ಮೆತ್ತೆ. ಅಕ್ಕನ ಮನೆಯ ಕುರ್ಚಿಗೆ ಮೆತ್ತೆ ಇರಲಿಲ್ಲ.

"ನೋಡವಾ ಜೋಡಿ. ಅಪ್ಪ ಕಟ್ಟಿದಂಗ ಇಲ್ಲ?"

"ಹೌದವಾ. ಕೆಂಪಗ, ಚೆಂದ ಅದಾವ," ಎಂದಳು ಅವ್ವ.

ನಾನು ಗೆದ್ದೆ. ಆ ವಾರ ಶಾಲೆಯಲ್ಲಿ ಯಾರಿಗೂ ಬೈಯಲಿಲ್ಲ. ಬೆಳಿಗ್ಗೆ ಅವ್ವನಿಗೆ ಚಹಾ ಕೊಟ್ಟು, ತೊಟ್ಟಿಯ ಮುಂದೆ ಕೂರಿಸಿ ಶಾಲೆಗೆ ಹೋಗುತ್ತಿದ್ದೆ. ಸಂಜೆ ಬಂದು ನೀರಿನ ಉಪ್ಪು ಅಳೆದು, ಗಾಜು ಒರೆಸಿ, ಅಡಿಗೆಗೆ ನಿಲ್ಲುತ್ತಿದ್ದೆ. ಅಡಿಗೆ ಮನೆಗೆ ಅವ್ವನ ದನಿ ಬರುತ್ತಿತ್ತು:

"ಈಗ ಏನ ಮಾಡಾಕತ್ತಾವ ಅವು?"

"ನೀನ ನೋಡವಾ. ಅದರ ಮುಂದ ಕುಂತಿ ಅಲಾ," ಎನ್ನುತ್ತಿದ್ದೆ ನಾನು ಒಲೆಯ ಕಡೆಯಿಂದ.

ಒಂದು ದಿನ ಶಾಲೆಯಿಂದ ಬಂದಾಗ ಅವ್ವ, "ಇವತ್ತ ಬಾಳ ಆಡಾಕತ್ತಾವ ನೋಡು. ಒಂದ ಸಮ ಓಡಾಟ," ಎಂದಳು. ನಾನು ಬಗ್ಗಿ ನೋಡಿದೆ. ಆಟವಾಗಿರಲಿಲ್ಲ ಅದು. ಒಂದು ಮೀನಿನ ಬಾಲ ಹರಿದು ಚಿಂದಿಯಾಗಿತ್ತು. ಮೈಮೇಲೆ ಬಿಳಿಚಿಕೊಂಡ ಗಾಯ. ಮೇಲಿನ ಮೂಲೆಯಲ್ಲಿ ಗಾಜಿಗೆ ಒತ್ತಿಕೊಂಡು ಓರೆಯಾಗಿ ನಿಂತಿತ್ತು. ಇನ್ನೊಂದು ದೂರದಿಂದ ಬಂದು ಬಂದು ಗುದ್ದಿ ಹೋಗುತ್ತಿತ್ತು. ನೀರಿನ ದೋಷ ಎಂದುಕೊಂಡೆ. ಉಪ್ಪಿನ ದೋಷ ಎಂದುಕೊಂಡೆ. ಓಣಿಯ ಹೆಂಗಸರ ಕಣ್ಣು ತಾಗಿದೆ ಎಂದು ಕೂಡ ಅಂದುಕೊಂಡೆ. ಅಪ್ಪನ ಮಾತಿನಲ್ಲಿ ದೋಷ ಇದ್ದೀತೆಂದು ಮಾತ್ರ ತೋಚಲಿಲ್ಲ.

ಅಂಗಡಿಯವನಿಗೆ ಫೋನ್ ಮಾಡಿದರೆ, "ಇವತ್ತ ಅವ್ನ ಅಗಲಸ್ರಿ, ಇಲ್ಲಂದ್ರ ಒಂದ ಸಾಯ್ತೈತಿ," ಎಂದ. ಗಂಡ ತರಕಾರಿ ತೊಳೆಯುವ ಪ್ಲಾಸ್ಟಿಕ್ ಬುಟ್ಟಿಯನ್ನು ತಂತಿ ಕಟ್ಟಿ ನೀರಿಗೆ ಇಳಿಬಿಟ್ಟರು. ಗಾಯವಾದ ಮೀನನ್ನು ಅದರೊಳಗೆ ಹಾಕಿದೆವು. ಅದನ್ನು ತಿರುಗಿ ಒಯ್ಯುತ್ತೀಯಾ ಎಂದು ಕೇಳಿದ್ದಕ್ಕೆ ಅಂಗಡಿಯವನು, ತನ್ನ ತೊಟ್ಟಿಗೆ ಔಷಧಿ ಹಾಕಿದ್ದೇನೆ, ಈಗ ಆಗುವುದಿಲ್ಲ ಎಂದ. ಆಮೇಲೆ ನಾನು ಕೇಳಬಾರದೆಂದಿದ್ದ ಮಾತನ್ನೇ ಹೇಳಿದ: "ಹುಕ್ಕೇರಿ ಅಕ್ಕಾರ ಹಂತೇಕ ಇನ್ನೊಂದ ಸಣ್ಣ ಟ್ಯಾಂಕ ಐತ್ರಿ. ಅವ್ರಿಗೆ ಕೇಳ್ರಿ."

ನಾನು ಕೇಳಲಿಲ್ಲ. ಮೀನು ಸತ್ತರೂ ಚಿಂತೆಯಿಲ್ಲ ಅನ್ನುವಷ್ಟು ಸಿಟ್ಟು ನನಗೆ. ನನ್ನ ಗಂಡ ಕೇಳಿದರು, ನನಗೆ ಹೇಳದೆ. ಅವರಿಗೆ ತಾಸಿಗೊಮ್ಮೆ ಬುಟ್ಟಿಯಲ್ಲಿ ಇಣುಕಿ ನೋಡುವ ಚಟ ಹತ್ತಿತ್ತು.

ಭಾನುವಾರ ಅಕ್ಕ ಭಾವನ ಗಾಡಿಯಲ್ಲಿ ಬಂದಳು, ಮುಚ್ಚಳದ ಬಕೆಟ್ ಹಿಡಿದು. ನಾನು ಕಾದಿದ್ದೆ: "ನಾ ಹೇಳಿರ್ಲಿಲ್ಲ?" ಅನ್ನಲಿ, ಅನ್ನಲಿ, ನನ್ನ ಹತ್ತಿರವೂ ಉತ್ತರ ತಯಾರಿತ್ತು. ಅವಳು ಅನ್ನಲಿಲ್ಲ. ಬುಟ್ಟಿಯಲ್ಲಿ ಬಗ್ಗಿ ನೋಡಿ ಚುಕ್ ಚುಕ್ ಎಂದಳು.

"ಈ ಜಾತ್ಯಾಗ ಎಲ್ಲಾ ಗಂಡಾಗೇ ಹುಟ್ಟತಾವ. ಯಾವುದು ದೊಡ್ಡದಾಗತೈತಿ ಅದು ಹೆಣ್ಣಾಗತೈತಿ, ಮನಿ ಆಳತೈತಿ. ಸಣ್ಣದು ಗಂಡಾಗೇ ಉಳೀತೈತಿ, ಅದರ ಮಾತು ಕೇಳಿಕೊಂಡು ಇರತೈತಿ. ಇವೆರಡೂ ಹೆಣ್ಣಾಗಿ ಬಿಟ್ಟಾವ. ಒಂದ ಮನ್ಯಾಗ ಎರಡು ಹೆಣ್ಣು ಬಾಳೂದಿಲ್ಲ."

"ನೀ ಹುಕ್ಕೇರ್ಯಾಗ ಇದ್ದೀ, ನಾ ಮೂಡಲಗ್ಯಾಗ ಇದ್ದೇನಿ," ಎಂದೆ. ತಯಾರಾಗಿದ್ದ ಉತ್ತರ ಇದಲ್ಲ, ಆದರೂ ಹೊರಗೆ ಬಂದದ್ದು ಇದೇ.

ಅಕ್ಕ ನಕ್ಕಳು. ಕೈ ಒರೆಸಿಕೊಂಡು ಅವ್ವನ ಬಾಜೂಕ್ಕೆ ನೆಲದ ಮೇಲೆ ಕೂತಳು. ನಾನು ಚಹಾಕ್ಕೆ ಇಡಲು ಒಳಗೆ ಹೋದೆ. ಲೋಟ ಹಿಡಿದು ತಿರುಗಿ ಬರುವಾಗ ಅವಳ ಮಾತು ಶುರುವಾಗಿತ್ತು.

"ಈಗ ಹೊರಗಿನದು ಎಡಕ್ಕ ಬಂತವಾ, ನಿನ್ನ ಮೊಣಕಾಲಿನ ನೇರಕ್ಕ. ಹಾಂ, ಈಗ ಮ್ಯಾಲ ಹೋತು. ಬುಟ್ಟಿ ಮೂಸಿ ನೋಡಾಕತ್ತೈತಿ. ಒಳಗಿನ ಪಾಪದ್ದು ಬಾಲ ಮುದುಡಿಕೊಂಡು ಮೂಲ್ಯಾಗ ಕುಂತೈತಿ. ಬಾಲ ಅಂಚು ಬಿಟ್ಟ ಅರಿವೆ ಆದಂಗ ಆಗೇತಿ."

ಅವ್ವನ ಮುಖ ಅರಳಿತ್ತು. ಮೀನು ಎತ್ತ ಹೋದರೂ ಅವಳ ಕಣ್ಣು ಹೋಗುತ್ತಿರಲಿಲ್ಲ. ಅಕ್ಕನ ದನಿಯ ಕಡೆ ಕಿವಿ ವಾಲಿಸಿ, ಗಾಜಿನಾಚೆ ಎಲ್ಲೋ ಒಂದೇ ಕಡೆ ನೋಡುತ್ತಾ, "ಅಯ್ಯ, ಹರದೈತಿ? ನಾ ಆಡಾಕತ್ತಾವ ಅಂತ ತಿಳದಿದ್ದೆ," ಎಂದಳು.

ಅಕ್ಕನನ್ನು ಅಡಿಗೆ ಮನೆಗೆ ಕರೆದೆ.

"ಅವ್ವಗ ಕಾಣೂದಿಲ್ಲ?"

"ಪೊರಿ ಬಂದೈತಿ, ಎರಡೂ ಕಣ್ಣಿಗೆ. ಬಣ್ಣ ಮಸಕಮಸಕ ಕಾಣತಾವ, ಅಷ್ಟ. ಸಕ್ಕರಿ ಕಾಯಿಲಿ ಹತೋಟಿಗೆ ಬಂದ ಮ್ಯಾಲ ಆಪರೇಶನ್ ಅಂದಾರ ಡಾಕ್ಟರು. ಫೋನ್‌ನಾಗ ಹೇಳಿದ್ನಲ್ಲ ನಿನಗ? ನೀ 'ಹೂಂ' ಅಂದಿ, ಅಂದು ಆ ಸೀಗಡಿ ಯಾವ ಜಾತೀದು ಅಂತ ಕೇಳಿದಿ."

ನನಗೆ ನೆನಪಿರಲಿಲ್ಲ. ಕೇಳಿರುವುದು ಖಂಡಿತ, ಯಾಕೆಂದರೆ ಸೀಗಡಿಯ ಜಾತಿ ಇವತ್ತಿಗೂ ನನಗೆ ಬಾಯಿಪಾಠ. ಒಲೆಯ ಮುಂದೆ ನಿಂತೇ ಇದ್ದೆ. ನಾಚಿಕೆಯಾಯಿತು, ಅವ್ವನ ಮೇಲೆ ಮರುಕ ಉಕ್ಕಿತು. ಆದರೆ ಖರೆ ಹೇಳುತ್ತೇನೆ, ಅವೆರಡಕ್ಕಿಂತ ಹೆಚ್ಚಾದದ್ದು ಹೊಟ್ಟೆಕಿಚ್ಚು. ಮೊದಲಿನ ಕಿಚ್ಚು ತೊಟ್ಟಿಯ ಮೇಲಿನದು, ತೊಟ್ಟಿಯನ್ನು ಗೋಕಾಕಕ್ಕೆ ಹೋಗಿ ಕೊಂಡುತರಬಹುದಿತ್ತು. ಅಕ್ಕನ ಈ ಹೇಳುವ ಬಾಯನ್ನು ಎಲ್ಲಿಂದ ತರಲಿ? ಕಾಣದವಳನ್ನು ಕರೆದು ತಂದು ಮೆತ್ತೆಯ ಮೇಲೆ ಕೂರಿಸಿ, ನೀನೇ ನೋಡು ಎಂದು ಹೇಳಿ ಶಾಲೆಗೆ ಹೋಗುತ್ತಿದ್ದವಳು ನಾನು. ಅವ್ವ ಒಂದು ಸಲವೂ ನನಗೆ ಕಾಣುವುದಿಲ್ಲ ಎನ್ನಲಿಲ್ಲ. ನಾನು ಅಷ್ಟು ಹುರುಪಿನಿಂದ ತೋರಿಸುತ್ತಿದ್ದೆನಲ್ಲ, ಮನಸ್ಸು ಮುರಿಯಬಾರದೆಂದು ಸುಮ್ಮನಿದ್ದಳು.

ಪಡಸಾಲೆಯಿಂದ ಅವ್ವನ ದನಿ ಬಂತು. "ಗಾಡಿ ಬಂದೈತಿ ಅಲಾ, ನಾನೂ ಈಕಿ ಕೂಡ ಹೋಗಿಬಿಡ್ತೇನಿ. ನಿನಗೂ ಸಾಲಿ ಇರ್ತೈತಿ, ದಗದ ಇರ್ತೈತಿ." ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಜಗಳವಾಡಲು ಬರುತ್ತಿತ್ತು.

ಅಕ್ಕ ಬಕೆಟ್‌ಗೆ ತೊಟ್ಟಿಯ ನೀರು ತುಂಬಿಕೊಂಡು, ಬುಟ್ಟಿಯನ್ನು ಮೆಲ್ಲಗೆ ಎತ್ತಿ, ಗಾಯದ ಮೀನನ್ನು ಅದರೊಳಗೆ ಇಳಿಸಿದಳು. ಬಕೆಟ್ ಹಿಡಿದುಕೊಂಡೇ, ಗಾಡಿ ಸಿದ್ಧಮಾಡಿಸಲು ಹೊರಗೆ ಹೋದಳು. ಅಲ್ಲಿಯವರೆಗೆ ಅವಳು ಕೂತಿದ್ದ ಜಾಗ ಖಾಲಿಯಾಯಿತು. ನಾನು ಹೋಗಿ ಕೂತೆ. ಒಲೆಯ ಮೇಲೆ ಅನ್ನ ಇತ್ತು. ಇರಲಿ ಎಂದು ಬಿಟ್ಟೆ.

"ಮೀನು ಅಲ್ಲೇ ಐತವಾ," ಎಂದೆ.

"ಅಲ್ಲೇ ಅಂದ್ರ ಎಲ್ಲಿ?"

"ನೀರಾಗ."

ಮಕ್ಕಳಿಗೆ ಋತುವರ್ಣನೆ ಕಲಿಸುವವಳ ಬಾಯಿಂದ ಬಂದದ್ದು ಅಷ್ಟೇ.

"ನಿಮ್ಮಕ್ಕ ಹೆಂಗ ಹೇಳತಾಳ, ಹಂಗ ಹೇಳವಾ," ಎಂದಳು ಅವ್ವ.

ಎದ್ದು ಹೋಗುತ್ತಿದ್ದೆ, ಬೇರೆ ದಿನವಾಗಿದ್ದರೆ ಖಂಡಿತ ಎದ್ದು ಹೋಗುತ್ತಿದ್ದೆ. ಅವ್ವನ ಕೈ ನನ್ನ ಹೆಗಲ ಮೇಲೆ ಬಂದಿತ್ತು, ನಾನಿದ್ದೇನೋ ಇಲ್ಲವೋ ಎಂದು ತಡವಿ ನೋಡುತ್ತಿತ್ತು. ನಾನು ಗಾಜಿಗೆ ಹಣೆ ಹಚ್ಚಿ ನೋಡಿದೆ. ಅಷ್ಟು ದಿನ ಉಪ್ಪು ಅಳೆದವಳು ಒಂದು ದಿನವೂ ಹಾಗೆ ನೋಡಿರಲಿಲ್ಲ.

"ಕೆಂಪ ಮೀನು ಒಂದ ಉಳದೈತವಾ. ಬುಟ್ಟಿ ಇದ್ದ ಜಾಗಾ ಹುಡುಕ್ಯಾಡಾಕತ್ತೈತಿ. ಹೋಗತೈತಿ, ತಿರುಗಿ ಬರತೈತಿ. ಜಗಳಾ ಆಡಾಕ ಯಾರೂ ಸಿಗವಲ್ರು ಅದಕ್ಕ."

"ಹೂಂ," ಎಂದಳು ಅವ್ವ.

"ಕಲ್ಲಿನ ಹಿಂದಿಂದ ಇನ್ನೊಂದ ಮೀನು ಇಣಿಕಿ ನೋಡಾಕತ್ತೈತಿ. ಕಡ್ಡಿ ಹೊತ್ತಿಸಿದಂಗ ಬಾಲ ಅದಕ್ಕ. ಬಂದಾಗಿಂದ ಮುಖಾ ತೋರಿಸಿರ್ಲಿಲ್ಲ. ಈಗ ಅರ್ಧ ಮೈ ಹೊರಗ ಹಾಕೇತಿ."

"ಅಂಜತೈತೇನ?"

"ಅಂಜತೈತಿ."

ಅಕ್ಕ ಬಾಗಿಲಿಗೆ ಬಂದು, "ಅವ್ವಾ, ಗಾಡಿ ಚಾಲೂ ಮಾಡ್ಯಾರ. ನಿನ್ನ ಚೀಲ ತರ್ಲಿ ಏನ?" ಎಂದಳು.

ಅವ್ವ ಅತ್ತ ತಿರುಗಲಿಲ್ಲ. ಕೈ ಮಾತ್ರ ಎತ್ತಿದಳು. "ತಡಿ. ಈಕಿ ಹೇಳಾಕತ್ತಾಳ."

ಅಕ್ಕ ಬಕೆಟ್ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಳು. ಹೊರಗೆ ಗಾಡಿಯ ಎಂಜಿನ್ ಆರಿಸಿದ ಸದ್ದು ಕೇಳಿಸಿತು. ನಾನು ಮುಂದಿನದನ್ನು ಬೇಕೆಂದೇ ನಿಧಾನವಾಗಿ ಹೇಳಿದೆ.